ಫಾಂತೋಮಾಸ್: ಗುರುತು ಸಿಗದ ಖಳ

ಕಳ್ಳನ ಕಥೆಗೆ ಕಿವಿಗೊಡದವರು ವಿರಳ. ಆದರೆ ಕಥೆಯ ಕಳ್ಳನಿಗೂ ಒಂದು ಸಮರ್ಥನೆ ಇರಲೆಂದು ನಾವು ಬಯಸುತ್ತೇವೆ. ಬಡತನವೋ ಸೇಡೋ ಇರಬೇಕು. ಇಲ್ಲವಾದರೆ ಆತ ರಸಿಕನಾದರೂ ಆಗಿರಬೇಕು. ಮಾರಿಸ್ ಲೆಬ್ಲಾಂ 1905ರಲ್ಲಿ ಸೃಷ್ಟಿಸಿದ ಆರ್ಸೇನ್ ಲೂಪಾಂ ಅಂಥ ಸಭ್ಯ ಕಳ್ಳ. ಅವನಾದ ಆರು ವರ್ಷಕ್ಕೆ, 1911ರ ಫೆಬ್ರವರಿಯಲ್ಲಿ, ಪ್ಯಾರಿಸಿನ ಓದುಗರ ಮುಂದೆ ಬಂದ ಫಾಂತೋಮಾಸನಿಗೆ ಯಾವ ಸಮರ್ಥನೆಯೂ ಇರಲಿಲ್ಲ. ಅವನು ಕೊಲ್ಲುತ್ತಾನೆ, ದೋಚುತ್ತಾನೆ, ಮಾಯವಾಗುತ್ತಾನೆ. ಅವನ ನಿಜವಾದ ಮುಖವನ್ನು ಕಂಡವರಿಲ್ಲ.

ಅವನನ್ನು ಸೃಷ್ಟಿಸಿದವರು ಪಿಯೇರ್ ಸುವೆಸ್ತ್ರ್ ಮತ್ತು ಮಾರ್ಸೆಲ್ ಅಲೇಂ. ಫಾಯಾರ್ ಪ್ರಕಾಶನಕ್ಕಾಗಿ ತಿಂಗಳಿಗೊಂದರಂತೆ, 1913ರ ವೇಳೆಗೆ 32 ಕಾದಂಬರಿಗಳನ್ನು ಇವರು ಹೊರತಂದರು. ಬೆಲೆ 65 ಸಾಂತೀಮ್. ಬರೆಯಲು ಪುರಸೊತ್ತಿಲ್ಲದೆ ಧ್ವನಿಮುದ್ರಣ ಯಂತ್ರದ ಮುಂದೆ ಕುಳಿತು ಕಥೆ ಹೇಳುತ್ತಿದ್ದರು. ಬೆರಳಚ್ಚುಗಾರರು ಅದನ್ನು ಕೇಳಿ ಅಕ್ಷರಕ್ಕಿಳಿಸುತ್ತಿದ್ದರು. 1913-14ರಲ್ಲಿ ಲೂಯಿ ಫಯಾದ್ ಈ ಕಥೆಗಳಿಂದ ಐದು ಮೂಕಿ ಚಿತ್ರಗಳನ್ನು ತೆಗೆದರು. ಅವಸರದ ಈ ಸರಕನ್ನು ಅಪೊಲಿನೇರನಂಥ ಕವಿಯೂ ಮೆಚ್ಚಿದ್ದೇಕೆ?

ಕಾರಣವನ್ನು ಆ ಕಾಲದ ಒಂದು ನಂಬಿಕೆಯಲ್ಲಿ ಹುಡುಕಬೇಕೆಂದು ನನಗೆ ತೋರುತ್ತದೆ. ಯಾವ ಮನುಷ್ಯನನ್ನೂ ತಪ್ಪದೆ ಗುರುತಿಸಬಹುದೆಂದು ಆಗಿನ ಸರ್ಕಾರಗಳು ನಂಬತೊಡಗಿದ್ದವು. 1880ರ ದಶಕದಲ್ಲಿ ಪ್ಯಾರಿಸಿನ ಪೊಲೀಸ್ ಕಚೇರಿಯಲ್ಲಿ ಬೆರ್ತಿಯೋಂ ಅಪರಾಧಿಗಳ ಮೈಯಳತೆಯನ್ನು ಚೀಟಿಗಳಲ್ಲಿ ದಾಖಲಿಸುವ ಪದ್ಧತಿ ತಂದ. 1897ರಲ್ಲಿ ನಮ್ಮ ಕಲ್ಕತ್ತೆಯಲ್ಲಿಯೇ ಬೆರಳ ಗುರುತಿನ ಕಚೇರಿ ಆರಂಭವಾಯಿತು. ಫಾಂತೋಮಾಸ್ ಈ ಭರವಸೆಯ ಬುಡಕ್ಕೇ ಕೊಡಲಿ ಹಾಕುತ್ತಾನೆ.

ಮೊದಲ ಕಾದಂಬರಿಯಲ್ಲಿ ಅವನಿಗೆ ಮರಣದಂಡನೆಯಾಗುತ್ತದೆ. ಅವನ ವೇಷ ಧರಿಸಿದ ನಟನೊಬ್ಬನನ್ನು ಉಪಾಯದಿಂದ ಸೆರೆಮನೆಗೆ ಸೇರಿಸಲಾಗುತ್ತದೆ. ಗಿಲೋಟಿನ್ ಬಿದ್ದ ಮೇಲೆ ಪತ್ತೇದಾರ ಜೂವ್ ನೋಡುತ್ತಾನೆ: ಉರುಳಿದ ತಲೆಯ ಮೇಲೆ ನಾಟಕದ ಬಣ್ಣ! ಮೂರನೆಯ ಕಾದಂಬರಿಯಲ್ಲಿ ಸತ್ತವನೊಬ್ಬನ ಬೆರಳ ಗುರುತು ಹೊಸ ಹೊಸ ಕೊಲೆಗಳ ಸ್ಥಳದಲ್ಲಿ ಸಿಗುತ್ತದೆ. ಫಾಂತೋಮಾಸ್ ಹೆಣದ ಕೈಚರ್ಮ ಸುಲಿದು ಕೈಚೀಲ ಮಾಡಿಕೊಂಡಿರುತ್ತಾನೆ. ಕಡೆಯ ಕಾದಂಬರಿಯಲ್ಲಂತೂ, ಮುಳುಗುತ್ತಿರುವ ಹಡಗಿನ ಮೇಲೆ, ಜೂವ್ ತನ್ನ ಒಡಹುಟ್ಟಿದವನೆಂಬ ಗುಟ್ಟನ್ನು ಅವನೇ ಹೊರಗೆಡಹುತ್ತಾನೆ. ಬೆನ್ನಟ್ಟುವವನೂ ಓಡುವವನೂ ಒಂದೇ ಬಸಿರಿನವರು. ನೆರೆಯವನಾರೆಂದು ತಿಳಿಯದ ಮಹಾನಗರದ ಓದುಗನಿಗೆ ಈ ಭಯ ತನ್ನದೇ ಎನ್ನಿಸಿರಬೇಕು.

ಬಾನುಲಿಯಲ್ಲಿ ಮಾತನಾಡುತ್ತ ಇನ್ನೊಂದು ಸಂಗತಿಯನ್ನು ಹೇಳದೆ ಇರಲಾರೆ. 1933ರ ನವೆಂಬರ್ 3ರಂದು ಪ್ಯಾರಿಸ್ ಬಾನುಲಿ, ಕವಿ ರೊಬೇರ್ ದೆಸ್ನೋಸ್ ರಚಿಸಿದ ಫಾಂತೋಮಾಸನ ಲಾವಣಿಯನ್ನು ಬಿತ್ತರಿಸಿತು. ಸಂಗೀತ ಕುರ್ಟ್ ವೈಲ್‌ನದು. ಹಿಟ್ಲರ್ ಅಧಿಕಾರಕ್ಕೆ ಬಂದದ್ದರಿಂದ ಅದೇ ವರ್ಷ ಜರ್ಮನಿ ಬಿಟ್ಟು ಬಂದಿದ್ದವನು ಅವನು. ಕೊಲೆಗಳ ಪಟ್ಟಿಯನ್ನು ಆ ಸಂಜೆ ಜನ ವಿನೋದಕ್ಕಾಗಿ ಕೇಳಿದರು.

ಹತ್ತು ವರ್ಷಗಳ ತರುವಾಯ, ನಾತ್ಸಿಗಳ ವಿರುದ್ಧ ಗುಪ್ತವಾಗಿ ದುಡಿಯುತ್ತಿದ್ದ ದೆಸ್ನೋಸ್ ಸೆರೆಸಿಕ್ಕ. ಅವನಿದ್ದ ಬಂದಿಗಳ ತಂಡವನ್ನು ಆಶ್‌ವಿತ್ಸ್‌ಗೆ ಸಾಗಿಸಿ ತೋಳಿಗೆ ಅಂಕಿಯ ಹಚ್ಚೆ ಹಾಕಿದರು. 1945ರ ಜೂನ್ 8ರಂದು, ಬಿಡುಗಡೆಯ ದಿನಗಳು ಬಂದಿದ್ದರೂ, ಅವನು ತೆರೆಜಿನ್‌ನಲ್ಲಿ ಟೈಫಸ್ ಜ್ವರದಿಂದ ತೀರಿಕೊಂಡ.

ಗುರುತು ಸಿಗದ ಮನುಷ್ಯನಿಗಾಗಿ ಪ್ಯಾರಿಸ್ ಅಂಜಿತ್ತು. ಕವಿಯನ್ನು ಸಾವಿನತ್ತ ಒಯ್ದವರಿಗೆ ಮುಸುಕು ಬೇಕಾಗಿರಲಿಲ್ಲ. ಅವರಿಗೆ ಹೆಸರಿತ್ತು, ಹುದ್ದೆಯಿತ್ತು. ಎಲ್ಲರನ್ನೂ ಗುರುತು ಹಾಕಿಡುವ ಕಡತವಿತ್ತು. ಫಾಂತೋಮಾಸನ ಕಥೆಗಳನ್ನು ಇಂದು ಓದುವಾಗ ಆ ಮುಸುಕಿನವನಿಗಿಂತ ಆ ಕಡತವೇ ನನಗೆ ಹೆಚ್ಚು ಭಯ ಹುಟ್ಟಿಸುತ್ತದೆ.