ದಾವಾಗ್ನಿಯೂ ತರಗುಬೆಂಕಿಯೂ

ಸಂಸ್ಕೃತದಲ್ಲಿ ‘ದವ’, ‘ದಾವ’ ಎಂಬ ಶಬ್ದಗಳಿಗೆ ಅಡವಿಯೆಂದೂ ಅಡವಿಯನ್ನು ಸುಡುವ ಅಗ್ನಿಯೆಂದೂ ಎರಡರ್ಥಗಳುಂಟೆಂದು ಅಮರಸಿಂಹನು ನಾನಾರ್ಥವರ್ಗದಲ್ಲಿ ಹೇಳಿರುವನು. ದಹ್ಯಕ್ಕೂ ದಾಹಕಕ್ಕೂ ಒಂದೇ ಹೆಸರಾಗಿರುವುದು ವಿಚಾರಾರ್ಹವಾಗಿದೆ. ಕನ್ನಡನಾಡಿನ ಮಾತಿನಲ್ಲಾದರೋ ಬೆಂಕಿ ಬೆಂಕಿಗೂ ಭೇದವುಂಟು. ಅಡವಿಯನ್ನೇ ನುಂಗುವ ಮಹಾಗ್ನಿಯು ಕಾಳ್ಗಿಚ್ಚು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ನೆಲದ ಒಣಗಿದೆಲೆಗಳಿಗೆ ಹಚ್ಚುತ್ತಿದ್ದ ಕಿರುಬೆಂಕಿಯು ತರಗುಬೆಂಕಿ. ಈ ಭೇದವನ್ನು ಅರಣ್ಯಶಾಸನವು ಗಣಿಸದೆ ಹೋದುದರಿಂದ ಒದಗಿದ ಪರಿಣಾಮವನ್ನು ನಿರೂಪಿಸುವುದೇ ಈ ಲೇಖನದ ಉದ್ದೇಶ.

ಮಹಾಭಾರತದ ಆದಿಪರ್ವದಲ್ಲಿ ಬರುವ ಖಾಂಡವದಹನದಲ್ಲಿ ಕೃಷ್ಣಾರ್ಜುನರು ಅಗ್ನಿಗೆ ಸಹಾಯಕರಾಗಿ ನಿಂತರು. ಅಶ್ವಸೇನ, ಮಯ, ನಾಲ್ಕು ಶಾರ್ಙ್ಗಕ ಪಕ್ಷಿಗಳು, ಹೀಗೆ ಆರು ಜೀವಗಳು ಮಾತ್ರ ಉಳಿದವು. ಅಲ್ಲಿ ಸುಡುವುದು ವೀರರ ಕಾರ್ಯ. ಕೌಟಿಲ್ಯನ ಅರ್ಥಶಾಸ್ತ್ರಕ್ಕೆ ಬಂದರೆ ಸ್ಥಿತಿಯು ಬೇರೆ. ಮೈಸೂರಿನ ಆರ್. ಶಾಮಶಾಸ್ತ್ರಿಗಳವರು 1909ರಲ್ಲಿ ಮುದ್ರಿಸಿ ಪ್ರಕಟಪಡಿಸಿದ ಈ ಗ್ರಂಥದಲ್ಲಿ ದ್ರವ್ಯವನಗಳೂ ಹಸ್ತಿವನಗಳೂ ರಾಜನ ಆದಾಯಸ್ಥಾನಗಳಾಗಿವೆ. ಹುಲ್ಲುಗಾವಲು, ಹೊಲ, ಕಣ, ಮನೆಗಳಿಗೂ ಈ ವನಗಳಿಗೂ ಬೆಂಕಿಯಿಟ್ಟವನನ್ನು ಬೆಂಕಿಯಲ್ಲಿಯೇ ಸುಡಬೇಕೆಂದು ಕಂಟಕಶೋಧನಾಧಿಕರಣವು ವಿಧಿಸುವುದು. ಸುಟ್ಟವನ ಉದ್ದೇಶವನ್ನಾಗಲಿ, ಸುಟ್ಟ ಕಾಲವನ್ನಾಗಲಿ ಆ ಸೂತ್ರವು ವಿಚಾರಿಸದು. ಅಡವಿಯು ಬೊಕ್ಕಸದ ಭಾಗವಾದೊಡನೆ ಬೆಂಕಿಗಳೆಲ್ಲವೂ ಕಳ್ಳತನಕ್ಕೆ ಸಮಾನವಾದವು.

ಹತ್ತೊಂಬತ್ತನೆಯ ಶತಮಾನದ ಆಂಗ್ಲ ಸರಕಾರವೂ ಇದೇ ದೃಷ್ಟಿಯನ್ನು ಹಿಡಿಯಿತು. 1864ರಲ್ಲಿ ಡೀಟ್ರಿಚ್ ಬ್ರಾಂಡಿಸನು ಭಾರತದ ಮೊದಲನೆಯ ಅರಣ್ಯ ಮಹಾಧಿಕಾರಿಯಾದನು. ಆ ದಶಕದಲ್ಲಿಯೇ ಮಧ್ಯಪ್ರಾಂತ್ಯದ ಬೋರಿ ಅಡವಿಯಲ್ಲಿ ಕರ್ನಲ್ ಪಿಯರ್ಸನ್ ಎಂಬವನು ಬೆಂಕಿಯನ್ನು ಪೂರ್ಣವಾಗಿ ತಡೆಯುವ ಪ್ರಯೋಗವನ್ನು ನಡೆಸಿದನು. 1878ರ ಅರಣ್ಯ ಕಾಯಿದೆಯು ಕಾಯ್ದಿಟ್ಟ ಅಡವಿಗೆ ಬೆಂಕಿಯಿಡುವುದನ್ನೂ, ಅನುಮತಿಯಿಲ್ಲದ ಋತುವಿನಲ್ಲಿ ಅಲ್ಲಿಗೆ ಬೆಂಕಿಯನ್ನು ಒಯ್ಯುವುದನ್ನೂ ಅಪರಾಧವೆಂದು ಸಾರಿತು. 1927ರ ಕಾಯಿದೆಯೂ ಅದನ್ನೇ ಅನುಸರಿಸಿತು. ಮರದ ದಿಮ್ಮಿಗಳೇ ಅಡವಿಯ ಸಾರವೆಂದು ಬಗೆದವರಿಗೆ ಇದು ಸಹಜವಾಗಿ ತೋರಿತು.

ಆದರೆ ಅಡವಿಯು ಬೇರೆ ಉತ್ತರವನ್ನು ಕೊಟ್ಟಿತು. ಬರ್ಮಾದೇಶದ ತೇಗದ ಅಡವಿಗಳಲ್ಲಿ ಬೆಂಕಿಯನ್ನು ನಿಲ್ಲಿಸಿದ ಮೇಲೆ ಬಿದಿರೂ ನೆರಳನ್ನು ಸಹಿಸುವ ಪೊದೆಗಳೂ ದಟ್ಟವಾಗಿ ಬೆಳೆದು, ಬೆಳಕನ್ನು ಬಯಸುವ ತೇಗದ ಸಸಿಗಳು ಏಳದೆ ಹೋದವು. ತೇಗದ ಎಳೆಯ ಗಿಡವು ಮೇಲೆ ಸುಟ್ಟರೂ ಬೇರಿನಿಂದ ಮತ್ತೆ ಚಿಗುರುವುದು. ಅದರ ಪ್ರತಿಸ್ಪರ್ಧಿಗಳಲ್ಲಿ ಹಲವಕ್ಕೆ ಆ ಶಕ್ತಿಯಿಲ್ಲ. ಬರ್ಮಾದಲ್ಲಿ ಬೆಂಕಿಯ ತಡೆಯು ಅತಿಯಾಯಿತೆಂದು ಸ್ಲೇಡ್ ಎಂಬ ಅಧಿಕಾರಿಯು 1896ರಲ್ಲಿ ‘ಇಂಡಿಯನ್ ಫಾರೆಸ್ಟರ್’ ಪತ್ರಿಕೆಯಲ್ಲಿ ಬರೆದನು. ಬಹುಕಾಲದ ವಾದವಿವಾದಗಳ ತರುವಾಯ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಕೆಲವು ತೇಗದ ಅಡವಿಗಳಲ್ಲಿ ನಿಷೇಧವು ಸಡಿಲವಾಯಿತು. ಇಲಾಖೆಯವರು ತಮ್ಮ ಕೈಯಿಂದಲೇ ಬೇಸಗೆಯ ಆದಿಯಲ್ಲಿ ಬೆಂಕಿಯಿಡುವ ಪದ್ಧತಿಯೂ ಬಂದಿತು. ಹಳ್ಳಿಗನ ಕೈಯಲ್ಲಿ ಅಪರಾಧವಾದುದು ಅಧಿಕಾರಿಯ ಕೈಯಲ್ಲಿ ಶಾಸ್ತ್ರವಾಯಿತು.

ಈ ವಿರೋಧವು ಎಷ್ಟು ಕಠಿಣವಾಗಬಹುದೆಂಬುದಕ್ಕೆ ಕುಮಾವು ಪ್ರಾಂತ್ಯವು ಸಾಕ್ಷಿ. ಅಲ್ಲಿನ ರೈತರು ಹೊಸ ಹುಲ್ಲಿಗಾಗಿ ಚೀರ್ ಪೈನ್ ಮರಗಳ ಉದುರಿದೆಲೆಗಳನ್ನು ಸುಡುತ್ತಿದ್ದರು. ಹಕ್ಕುಗಳು ಕುಗ್ಗಿದಾಗ 1921ರ ಬೇಸಗೆಯಲ್ಲಿ ಸರಕಾರದ ಪೈನ್ ಅಡವಿಗಳು ಬಹುವಿಸ್ತಾರವಾಗಿ ಸುಟ್ಟುಹೋದವು. ಗ್ರಾಮಸ್ಥರಿಗೆ ಉಪಯುಕ್ತವಾದ ಅಗಲೆಲೆಯ ಮರಗಳ ಅಡವಿಗಳಿಗೆ ಹಾನಿಯಾದುದಕ್ಕೆ ಆಧಾರವಿಲ್ಲವೆಂದು ಇತಿಹಾಸಕಾರ ರಾಮಚಂದ್ರ ಗುಹಾ ಅವರು ತೋರಿಸಿರುವರು. ಅದೇ ವರ್ಷ ವಿಚಾರಣಾ ಸಮಿತಿಯು ನೇಮಕವಾಯಿತು. 1931ರಲ್ಲಿ ವನಪಂಚಾಯತಿಗಳಿಗೆ ನಿಯಮಗಳಾದವು. ಅಡವಿಯು ತಮ್ಮದೆಂದು ಬಗೆಯದವರು ಬೆಂಕಿಯನ್ನು ಆರಿಸಲು ಓಡಿಬರುವುದಿಲ್ಲವೆಂಬ ಪಾಠವನ್ನು ಸರಕಾರವು ಹತ್ತು ವರ್ಷಗಳಲ್ಲಿ ಕಲಿಯಿತು.

ಕನ್ನಡನಾಡಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಆ ಪಾಠವು ಇನ್ನೂ ಪೂರ್ಣವಾಗಿಲ್ಲ. ಬೇಸಗೆ ಬಲಿಯುವುದಕ್ಕೆ ಮುಂಚೆಯೇ, ತರಗು ತೆಳುವಾಗಿರುವಾಗ, ಸೋಲಿಗರು ಬೆಂಕಿ ಹಚ್ಚುತ್ತಿದ್ದರು. ಅದು ನೆಲವನ್ನು ಹಿಡಿದು ಹರಿದು ಆರುತ್ತಿತ್ತು, ಹುಲ್ಲು ಚಿಗುರುತ್ತಿತ್ತು, ನೆಲ್ಲಿಯ ಮರಗಳನ್ನು ಹೀರುವ ಉಪ್ಪಿಲು ಎಂಬ ಬದನಿಕೆಯೂ ಹತೋಟಿಯಲ್ಲಿರುತ್ತಿತ್ತೆಂದು ಅವರು ಹೇಳುವರು. 1974ರಲ್ಲಿ ಬೆಟ್ಟವು ವನ್ಯಜೀವಿಧಾಮವಾದಾಗ ಬೇಸಾಯದೊಡನೆ ಈ ಪದ್ಧತಿಯೂ ನಿಂತಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಧಾಮದೊಳಗೆ ಬೆಂಕಿಯಿಡುವುದನ್ನು ನಿಷೇಧಿಸಿದೆ. ಅನಂತರದ ದಶಕಗಳಲ್ಲಿ ಪರದೇಶದಿಂದ ಬಂದ ಲಾಂಟಾನ ಪೊದೆಯು ಬೆಟ್ಟದ ಬಹುಭಾಗವನ್ನು ಆವರಿಸಿತು. ತರಗುಬೆಂಕಿ ನಿಂತುದೇ ಅದಕ್ಕೆ ಕಾರಣವೆಂದು ಸೋಲಿಗರ ಮತ. 2006ರ ಅರಣ್ಯಹಕ್ಕು ಕಾಯಿದೆಯಂತೆ 2011ರಲ್ಲಿ ಅಲ್ಲಿನ ಗ್ರಾಮಸಭೆಗಳಿಗೆ ಸಮುದಾಯದ ಹಕ್ಕುಗಳು ದೊರೆತರೂ ಬೆಂಕಿಯ ನಿಷೇಧವು ತೆರವಾಗಲಿಲ್ಲ.

ಅದೇ ಚಾಮರಾಜನಗರ ಜಿಲ್ಲೆಯ ಬಂಡೀಪುರದಲ್ಲಿ 2019ರ ಫೆಬ್ರವರಿಯಲ್ಲಿ ಹಬ್ಬಿದ ಕಾಳ್ಗಿಚ್ಚು ಹತ್ತು ಸಾವಿರ ಎಕರೆಗೂ ಮಿಗಿಲಾದ ಅಡವಿಯನ್ನು ಸುಟ್ಟಿತು. ಅದನ್ನು ಆರಿಸಲು ವಾಯುಪಡೆಯ ಹೆಲಿಕಾಪ್ಟರುಗಳು ನೀರು ಸುರಿಯಬೇಕಾಯಿತು. ಒಣಗಿದ ಹುಲ್ಲೂ ಲಾಂಟಾನವೂ ತುಂಬಿದ ಕಡೆ ಒಂದು ಕಿಡಿಯೂ ಸಾಕು. ಇಲಾಖೆಯವರು ಪ್ರತಿವರ್ಷವೂ ಬೇಸಗೆಗೆ ಮುಂಚೆ ಬೆಂಕಿರೇಖೆಗಳ ಹುಲ್ಲನ್ನು ಸುಡುವರು. ಅಂದರೆ ಕಿರುಬೆಂಕಿಯಿಂದ ಹಿರಿಬೆಂಕಿಯನ್ನು ತಡೆಯುವ ತತ್ತ್ವವು ಅವರಿಗೂ ಸಮ್ಮತವೇ. ಅದು ಗೆರೆಯಾಚೆ ದಾಟಿಲ್ಲ ಅಷ್ಟೆ.

ಇಲ್ಲಿ ಒಂದು ಎಚ್ಚರವು ಅವಶ್ಯಕ. ಪಶ್ಚಿಮಘಟ್ಟದ ನಿತ್ಯಹಸುರಿನ ಅಡವಿಗೆ ಯಾವ ಬೆಂಕಿಯೂ ಹಿತವಲ್ಲ. ಎಲೆಯುದುರುವ ಅಡವಿಯಲ್ಲಿಯೂ ವರ್ಷವರ್ಷವೂ ಸುಟ್ಟರೆ ಎಳೆಯ ಸಸಿಗಳು ಮರವಾಗಲಾರವು. ಲಾಂಟಾನವು ಆಳೆತ್ತರಕ್ಕೆ ಬೆಳೆದಿರುವಲ್ಲಿ ಅದನ್ನು ಮೊದಲು ಕಡಿಯದೆ ಕಿಡಿ ಹಾಕಿದರೆ ತರಗುಬೆಂಕಿಯು ಕಾಳ್ಗಿಚ್ಚಾಗುವುದು. ಆದುದರಿಂದ ಹಳೆಯ ಪದ್ಧತಿಯನ್ನು ಇದ್ದಂತೆಯೇ ಮರಳಿ ತರಬೇಕೆಂಬುದು ಇಲ್ಲಿನ ಅಭಿಪ್ರಾಯವಲ್ಲ. ಎಲ್ಲಿ, ಯಾವ ಋತುವಿನಲ್ಲಿ, ಎಷ್ಟು ವರ್ಷಗಳಿಗೊಮ್ಮೆ ಎಂಬುದನ್ನು ನಿರ್ಣಯಿಸುವಾಗ ಆ ನೆಲದಲ್ಲಿ ತಲೆಮಾರುಗಳಿಂದ ಬೆಂಕಿಯನ್ನು ಬಳಸಿದವರ ಮಾತನ್ನೂ ಪ್ರಮಾಣವೆಂದು ಸ್ವೀಕರಿಸಬೇಕು. ತರಗುಬೆಂಕಿಯನ್ನು ಕಣ್ಣಾರೆ ಕಂಡು ಕೈಯಾರೆ ಹಚ್ಚಿದ ಸೋಲಿಗ ಹಿರಿಯರು ವರ್ಷೇವರ್ಷೇ ವಿರಳರಾಗುತ್ತಿರುವರು. ಅವರ ತರುವಾಯ ಆ ಶಬ್ದವು ಕೋಶದಲ್ಲಿ ಉಳಿಯಬಹುದು; ಅದರ ಹಿಂದಿನ ವಿದ್ಯೆಯು ಉಳಿಯಲಾರದು.