ಕಾರ್ಬುರೇಟರೋ, ಇಂಜೆಕ್ಷನ್ನೋ? ದೋಣಿ ಎಂಜಿನ್ನಿನ ಒಂದು ಹಳೆಯ ಜಗಳ

2019ರ ಆಗಸ್ಟ್. ಮಲಪ್ರಭೆ ಉಕ್ಕಿ ನರಗುಂದ ತಾಲ್ಲೂಕಿನ ಕೊಣ್ಣೂರು ಕಡೆಯ ಊರುಗಳಿಗೆ ನೀರು ನುಗ್ಗಿತ್ತು. ನೋಟ್‌ಬುಕ್ ಹಿಡಿದು ನಾವೂ ಹೋಗಿದ್ದೆವು. ಒಂದು ದಂಡೆಯಲ್ಲಿ ರಬ್ಬರ್ ದೋಣಿಯೊಂದು ನಿಂತಿತ್ತು. ಅದರ ಹಿಂದೆ ಕಟ್ಟಿದ್ದ ಎಂಜಿನ್ನಿನ ಹಗ್ಗವನ್ನು ಒಬ್ಬರು ಎಳೆದೇ ಎಳೆದರು, ಸ್ಟಾರ್ಟ್ ಆಗಲಿಲ್ಲ. ಆಚೆ ದಡದಲ್ಲಿ ಜನ ಕಾಯುತ್ತಿದ್ದರು. ಕೊನೆಗೆ ಕಾರ್ಬುರೇಟರ್ ಬಿಚ್ಚಿದರು. ಅದರ ಬಟ್ಟಲಿನ ತಳದಲ್ಲಿ ಬೆಲ್ಲದ ಪಾಕದಂತಹ ಕಂದು ಅಂಟು ಕೂತಿತ್ತು. ತಿಂಗಳುಗಟ್ಟಲೆ ನಿಂತ ಪೆಟ್ರೋಲ್ ಆರಿಹೋದರೆ ಉಳಿಯುವುದು ಅದೇ. ಜೆಟ್ಟಿನ ತೂತು ಸೂಜಿಮೊನೆಯಷ್ಟು, ಮುಚ್ಚಿಹೋಗಲು ಅಷ್ಟು ಸಾಕು. ತೊಳೆದು, ಊದಿ, ಜೋಡಿಸಿದ ಮೇಲೆ ಎಂಜಿನ್ ಹೊಡೆಯಿತು.

ನಮ್ಮ ಹರ್ತಿಯಲ್ಲಿ ಹೊಳೆಯೂ ಇಲ್ಲ, ದೋಣಿಯೂ ಇಲ್ಲ. ಆದರೆ ಬೈಕುಗಳಿವೆ. ಮರುವರ್ಷ ಏಪ್ರಿಲ್ 1ಕ್ಕೆ ಬಿಎಸ್-6 ನಿಯಮ ಬಂದು ಹೊಸ ಬೈಕುಗಳಿಂದ ಕಾರ್ಬುರೇಟರ್ ಮಾಯವಾದಾಗ ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಒಂದೇ ಮಾತು: "ಹಳೇ ಗಾಡಿ ಬಿಚ್ಚಿ ಊದಿದ್ರ ಸಾಕಾಗ್ತಿತ್ರೀ, ಇದಕ್ಕ ಕಂಪ್ಯೂಟರ್ ಹಚ್ಚಬೇಕ್ರೀ." ದಂಡೆಯ ಮೇಲೆ ಆ ದಿನ ಉಪಕಾರಕ್ಕೆ ಬಂದದ್ದು ಊದುವ ಸೌಲಭ್ಯ. ಎಂಜಿನ್ ನಿಂತದ್ದು ಊದಬೇಕಾದ ತೂತಿನಿಂದಲೇ. ಈ ಎರಡನ್ನೂ ಒಟ್ಟಿಗೆ ಯೋಚಿಸುತ್ತಾ ಹೋದಾಗ ಸಿಕ್ಕ ಚರಿತ್ರೆ ಇದು.

ಕಾರ್ಬುರೇಟರ್ ಎಂದರೆ ನಮ್ಮ ಹಳೆಯ ಫ್ಲಿಟ್ ಪಂಪಿನ ತತ್ವ. ಇಕ್ಕಟ್ಟಾದ ಕೊಳವೆಯಲ್ಲಿ ಗಾಳಿ ಜೋರಾಗಿ ಓಡಿದರೆ ಅಲ್ಲಿ ಒತ್ತಡ ಇಳಿಯುತ್ತದೆ, ಬಟ್ಟಲಲ್ಲಿರುವ ಎಣ್ಣೆಯನ್ನು ಮೇಲಕ್ಕೆ ಹೀರುತ್ತದೆ. 1893ರಲ್ಲಿ ಜರ್ಮನಿಯ ವಿಲ್‌ಹೆಲ್ಮ್ ಮೇಬ್ಯಾಕ್ ಹೀಗೆ ಸಿಂಪಡಿಸುವ ಕಾರ್ಬುರೇಟರ್ ಮಾಡಿದರು. ಇಂಜೆಕ್ಷನ್ನಿನಲ್ಲಿ ಹೀರುವ ಮಾತಿಲ್ಲ; ಪಂಪು ಎಣ್ಣೆಯನ್ನು ಒತ್ತಿ ನಾಝಲ್ಲಿನಿಂದ ಚಿಮ್ಮಿಸುತ್ತದೆ.

ಇಂಜೆಕ್ಷನ್ ನಿನ್ನೆ ಮೊನ್ನೆಯದು ಎಂದುಕೊಂಡವರು ನಮ್ಮ ಹೊಲಗಳ ಹಳೆಯ ಡೀಸೆಲ್ ಪಂಪ್‌ಸೆಟ್ಟನ್ನು ಮರೆತಿದ್ದಾರೆ. ಡೀಸೆಲ್ ಎಂಜಿನ್ನಿಗೆ ಕಾರ್ಬುರೇಟರ್ ಇರುವುದೇ ಇಲ್ಲ. ಬಾಷ್ ಕಂಪನಿ 1927ರಲ್ಲೇ ಡೀಸೆಲ್ ಇಂಜೆಕ್ಷನ್ ಪಂಪುಗಳನ್ನು ಕಾರ್ಖಾನೆಯಲ್ಲಿ ಸಾಲಾಗಿ ತಯಾರಿಸತೊಡಗಿತು. 1951ರಲ್ಲಿ ಅದೇ ಬಾಷ್ ಜೊತೆ ಬೆಂಗಳೂರಿನಲ್ಲಿ ಮೈಕೋ ಹುಟ್ಟಿತು. ಬೆಂಗಳೂರಿಗರಿಗೆ ಮೈಕೋ ಲೇಔಟ್ ಒಂದು ಬಡಾವಣೆ. ಡೀಸೆಲ್ ಮೇಸ್ತ್ರಿಗಳಿಗೆ ಮೈಕೋ ಎಂದರೆ ಪಂಪು, ನಾಝಲ್. ಅದಕ್ಕೆ ಕಂಪ್ಯೂಟರ್ ಬೇಕಿರಲಿಲ್ಲ, ಬ್ಯಾಟರಿಯೂ ಬೇಕಿರಲಿಲ್ಲ. ಎಂಜಿನ್ ತಿರುಗಿದರೆ ಪಂಪು ತಾನೇ ತಿರುಗುತ್ತಿತ್ತು.

ಈ ಎರಡು ದಾರಿಗಳು ಎದುರುಬದುರಾದದ್ದು ನಮ್ಮ ಕರಾವಳಿಯಲ್ಲಿ. ಹತ್ತಾರು ಜನ ಸೇರಿ ದಡದಿಂದ ಎಳೆಯುವ ರಂಪಣಿ ಬಲೆ ಒಂದು ಕಾಲಕ್ಕೆ ಅಲ್ಲಿಯ ಬಂಗುಡೆ, ಬೂತಾಯಿ ಮೀನುಗಾರಿಕೆಯ ಬೆನ್ನೆಲುಬು. 1970ರ ದಶಕದ ನಡುವಿನಲ್ಲಿ ಡೀಸೆಲ್ ಎಂಜಿನ್ನಿನ ಪರ್ಸೀನ್ ದೋಣಿಗಳು ಬಂದವು. ಮೀನಿನ ಹಿಂಡು ದಡಕ್ಕೆ ಬರುವ ಮೊದಲೇ ಅವು ಹೋಗಿ ಸುತ್ತುಗಟ್ಟಿದವು. ಗಲಾಟೆಗಳಾದವು. ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆ ಸೇರಿತು. ದಡದಲ್ಲಿ ಕಾದರೆ ಮೀನಿಲ್ಲ ಎಂದಾದ ಮೇಲೆ ನಾಡದೋಣಿಯವರೂ ಎಂಜಿನ್ ಹುಡುಕಿದರು.

ಹಣವಿದ್ದವರ ದೊಡ್ಡ ದೋಣಿಯ ಹೊಟ್ಟೆಯಲ್ಲಿ ಡೀಸೆಲ್ ಕೂತಿತು, ಅಂದರೆ ಇಂಜೆಕ್ಷನ್. ಆದರೆ ಆ ಎಂಜಿನ್ನಿನ ಭಾರವನ್ನು ನಾಡದೋಣಿ ಹೊರುವಂತಿರಲಿಲ್ಲ. ಅದಕ್ಕೆ ಹಿಂಬದಿಗೆ ಸಿಕ್ಕಿಸಿ, ಬೇಕಾದಾಗ ಬಿಚ್ಚಿ ಹೆಗಲ ಮೇಲೆ ಮನೆಗೆ ಒಯ್ಯಬಹುದಾದ ಔಟ್‌ಬೋರ್ಡ್ ಎಂಜಿನ್ ಬೇಕಿತ್ತು. ಎರಡು ಸ್ಟ್ರೋಕಿನ, ಕಾರ್ಬುರೇಟರಿನ, ಸೀಮೆಎಣ್ಣೆಯಲ್ಲಿ ಓಡುವ ಎಂಜಿನ್. ಮೊದಲು ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವುದು. ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲಿಗೆ ತಿರುಗಿಸಿ ಬಟ್ಟಲಿನಲ್ಲಿ ಉಳಿದ ಸೀಮೆಎಣ್ಣೆಯನ್ನು ಖಾಲಿ ಮಾಡುವುದು. ಮರೆತರೆ ಮರುದಿನ ತಣ್ಣಗಿನ ಎಂಜಿನ್ ಹೊತ್ತಿಕೊಳ್ಳುವುದಿಲ್ಲ.

ಇಲ್ಲಿ ಕಾರ್ಬುರೇಟರನ್ನು ಯಾರೂ ಮೆಚ್ಚಿ ಆರಿಸಲಿಲ್ಲ. ಸಬ್ಸಿಡಿ ಸೀಮೆಎಣ್ಣೆ ಅಗ್ಗವಿತ್ತು, ಸೀಮೆಎಣ್ಣೆಗೆ ಒಗ್ಗುವ ಹಗುರ ಎಂಜಿನ್ ಅದೊಂದೇ ಇತ್ತು. ಪೆಟ್ರೋಲಿನ ಇಂಜೆಕ್ಷನ್ ಎಂಜಿನ್ನಿಗೆ ಸೀಮೆಎಣ್ಣೆ ಹಾಕಿದರೆ ನಾಝಲ್ಲಿನಲ್ಲಿ ಕಿಟ್ಟ ಕಟ್ಟುತ್ತದೆ, ಎಂಜಿನ್ ಕಟಕಟ ಬಡಿಯುತ್ತದೆ.

ಇನ್ನೊಂದು ಕಟ್ಟುಪಾಡೂ ಇದೆ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. 10 ಅಶ್ವಶಕ್ತಿವರೆಗಿನ ನಾಡದೋಣಿಗಳಿಗೆ ಮಾತ್ರ ವಿನಾಯಿತಿ. ಹಾಗಾಗಿ ನಾಡದೋಣಿಯವರ ಲೆಕ್ಕ 9.9 ಅಶ್ವಶಕ್ತಿಗೆ ಬಂದು ನಿಲ್ಲುತ್ತದೆ. ಅಷ್ಟರಲ್ಲೇ ಮಳೆಗಾಲದ ಕಡಲನ್ನು ಎದುರಿಸಬೇಕು. ಹೊಳೆ ಕಡಲಿಗೆ ಸೇರುವ ಅಳಿವೆಯಲ್ಲಿ ತೆರೆ ಒಡೆಯುವ ಜಾಗದಲ್ಲಿ ಎಂಜಿನ್ ಕೆಮ್ಮಿದರೆ ದೋಣಿ ಅಡ್ಡ ತಿರುಗಿ ಮಗುಚುತ್ತದೆ. ರೇಸಿನ ದೋಣಿಯವರು ಕಾರ್ಯಕ್ಷಮತೆ ಎಂದು ವೇಗವನ್ನು ಅಳೆಯುತ್ತಾರೆ. ಇಲ್ಲಿ ಅಳತೆ ಒಂದೇ: ಆ ಕೆಲವು ನಿಮಿಷ ನಿಲ್ಲದೆ ಓಡಿತೋ ಇಲ್ಲವೋ.

ಅಮೆರಿಕದಲ್ಲಿ ಕಾರ್ಬುರೇಟರನ್ನು ಹಿಂದೆ ಸರಿಸಿದ್ದು ನೀರಿನ ಮಾಲಿನ್ಯ, ಗಾಳಿಯ ಮಾಲಿನ್ಯ. ಕಾರ್ಬುರೇಟರಿನ ಎರಡು ಸ್ಟ್ರೋಕ್ ಎಂಜಿನ್ ಕುಡಿದ ಎಣ್ಣೆಯಲ್ಲಿ ಶೇ 30ರವರೆಗೂ ಸುಡದೆಯೇ ಹೊರಗೆ ಉಗುಳುತ್ತದೆ. ಅಲ್ಲಿಯ ಪರಿಸರ ಸಂಸ್ಥೆ 1996ರಲ್ಲಿ ನಿಯಮ ತಂದಿತು. ಇವಿನ್‌ರೂಡ್ ಎಂಜಿನ್ ತಯಾರಿಸುತ್ತಿದ್ದ ಒಎಂಸಿ ಕಂಪನಿ ಫಿಕ್ಟ್ ಎಂಬ ಹೊಸ ಇಂಜೆಕ್ಷನ್ ವಿಧಾನವನ್ನು ಅವಸರದಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಎಂಜಿನ್‌ಗಳು ಕೆಟ್ಟವು, ಗಿರಾಕಿಗಳ ನಂಬಿಕೆ ಹೋಯಿತು. 2000ದ ಡಿಸೆಂಬರಿನಲ್ಲಿ ಕಂಪನಿ ದಿವಾಳಿ ಎದ್ದಿತು. ಸಾಲಕ್ಕೆ ಬೇರೆ ಕಾರಣಗಳೂ ಇದ್ದವೆನ್ನಿ. ಆದರೂ ಇಂಜೆಕ್ಷನ್ ಹಾಕಿದ ಮಾತ್ರಕ್ಕೆ ಎಂಜಿನ್ ಗಟ್ಟಿ ಎನ್ನುವವರಿಗೆ ನಾನು ಈ ಕಥೆ ಹೇಳುತ್ತೇನೆ.

ಈಗ ನಮ್ಮಲ್ಲೂ ಆ ಗಳಿಗೆ ಬಂದಿದೆ. ಸೀಮೆಎಣ್ಣೆ ಸಮಯಕ್ಕೆ ಸಿಗುತ್ತಿಲ್ಲವೆಂದು ನಾಡದೋಣಿಯವರು ವರ್ಷಗಟ್ಟಲೆ ಪ್ರತಿಭಟಿಸಿದರು. 2023ರಲ್ಲಿ ರಾಜ್ಯ ಬಜೆಟ್ ಬೇರೆ ದಾರಿ ಹಿಡಿಯಿತು: ಸೀಮೆಎಣ್ಣೆ ಎಂಜಿನ್ ಬಿಟ್ಟು ಪೆಟ್ರೋಲ್ ಅಥವಾ ಡೀಸೆಲ್ಲಿಗೆ ಬದಲಾಗುವವರಿಗೆ 50,000 ರೂಪಾಯಿ ಸಹಾಯಧನ. ಎಂಜಿನ್ ಒಮ್ಮೆ ಕೊಳ್ಳುವುದು, ಎಣ್ಣೆ ದಿನಾ ಕೊಳ್ಳುವುದು. ಸಬ್ಸಿಡಿ ಸೀಮೆಎಣ್ಣೆಗೂ ಬಂಕಿನ ಪೆಟ್ರೋಲಿಗೂ ಇರುವ ಅಂತರವನ್ನು 50,000 ರೂಪಾಯಿ ಎಷ್ಟು ದಿನ ತುಂಬೀತು ಎಂಬುದು ಮೀನುಗಾರರ ಮನೆಯ ಲೆಕ್ಕ.

ಪೆಟ್ರೋಲಿಗೆ ಬಂದ ಮೇಲೆ ಮೊದಲ ಸಲ ಅವರ ಮುಂದೆ ನಿಜವಾದ ಆಯ್ಕೆ ಇದೆ. ಬ್ಯಾಟರಿ ಇಲ್ಲದೆ, ಹಗ್ಗ ಎಳೆದರೇ ಸ್ಟಾರ್ಟ್ ಆಗುವ ಚಿಕ್ಕ ಇಂಜೆಕ್ಷನ್ ಔಟ್‌ಬೋರ್ಡ್‌ಗಳು ಈಗ ಇವೆ. ಚೋಕ್ ಬೇಡ, ಎಣ್ಣೆ ಕಡಿಮೆ ಕುಡಿಯುತ್ತವೆ. ಆದರೆ ಉಪ್ಪುನೀರು ವೈರಿನ ಕೊಂಡಿಗಳನ್ನು ತಿನ್ನುತ್ತದೆ, ಸೆನ್ಸರ್ ಹೋದರೆ ಕಡಲ ನಡುವೆ ಊದಿ ಸರಿಮಾಡಲಾಗದು. ದಿನವೂ ಓಡುವ, ಹತ್ತಿರದಲ್ಲೇ ಮೇಸ್ತ್ರಿ ಇರುವ ನಾಡದೋಣಿಗೆ ಇನ್ನೂ ಕೆಲವು ಕಾಲ ಕಾರ್ಬುರೇಟರೇ ವಾಸಿ ಎಂದು ನನ್ನ ಎಣಿಕೆ. ನೆರೆ ಬಂದಾಗ ಮಾತ್ರ ಹೊರಗೆ ಬರುವ ನಮ್ಮ ಕಡೆಯ ದೋಣಿಗೆ ಇಂಜೆಕ್ಷನ್ ಮೇಲು. ಅದರಲ್ಲಿ ಕಾರ್ಬುರೇಟರಿನ ಬಟ್ಟಲಿಲ್ಲ.

ಹೊಸ ಎಂಜಿನ್ ಬರುವವರೆಗೆ ಹಳೆಯದಕ್ಕೂ ಮದ್ದಿದೆ. ಕೆಲಸ ಮುಗಿದ ದಿನ ಪೆಟ್ರೋಲ್ ಕೊಳವೆ ಕಳಚಿ, ಎಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಬೇಕು. ಆಮೇಲೆ ಬಟ್ಟಲಿನ ತಳದ ಸ್ಕ್ರೂ ಸಡಿಲಿಸಿ ಉಳಿದದ್ದನ್ನು ಬಸಿಯಬೇಕು. ಐದು ನಿಮಿಷದ ಕೆಲಸ, ಒಂದು ಸ್ಕ್ರೂಡ್ರೈವರ್ ಸಾಕು.