ಆನೆ ಸರಿ, ಆದರೆ ಯಾವ ಆನೆ? (ಮಣ್ಣೆಯಿಂದ ಮೂಲೆಹೊಳೆವರೆಗೆ)

1/6
ಫೋಟೋದಲ್ಲಿರೋದು ಮಣ್ಣೆ, ನಮ್ಮ ನೆಲಮಂಗಲ ತಾಲ್ಲೂಕು. ಇವತ್ತು ಹೋದ್ರೆ ಒಂದು ಹಳ್ಳಿ, ಸುತ್ತ ಹೊಲ, ಪಾಳುಬಿದ್ದ ಕಪಿಲೇಶ್ವರ ದೇವಸ್ಥಾನ. ಎಂಟನೇ ಶತಮಾನದಲ್ಲಿ ಇದರ ಹೆಸರು ಮಾನ್ಯಪುರ. ಗಂಗರ ದೊರೆ ಶ್ರೀಪುರುಷ ರಾಜ್ಯ ಆಳಿದ್ದು ಇಲ್ಲಿಂದ. ಗಂಗರ ಲಾಂಛನ ಏನು ಹೇಳಿ ನೋಡೋಣ? ಆನೆ. ಬರೀ ಲಾಂಛನ ಅಷ್ಟೇ ಅಲ್ಲ ಮತ್ತೆ. ಶ್ರೀಪುರುಷ ಸಂಸ್ಕೃತದಲ್ಲಿ 'ಗಜಶಾಸ್ತ್ರ' ಬರೆದ ಅಂತ ಹೇಳ್ತಾರೆ. ಅವನ ಮಗ ಎರಡನೇ ಶಿವಮಾರ ಕನ್ನಡದಲ್ಲೇ 'ಗಜಾಷ್ಟಕ' ಬರೆದ. ಅದು ಎಷ್ಟು ಫೇಮಸ್ ಆಯ್ತು ಅಂದ್ರೆ ಹೆಂಗಸರು ಭತ್ತ ಕುಟ್ಟುವಾಗ ಒನಕೆ ಹಾಡಾಗಿ ಹಾಡ್ತಿದ್ರು ಅಂತ ಶಾಸನ ಹೇಳುತ್ತೆ. ಎರಡೂ ಕೃತಿ ಕಳೆದುಹೋಗಿವೆ. ನನಗಂತೂ ಇದು ನಮ್ಮ ಜಿಲ್ಲೆಗೆ ಆದ ದೊಡ್ಡ ನಷ್ಟ ಅನ್ಸುತ್ತೆ.

ಆದರೆ ಆ ಕಾಲದ ಆನೆ ವಿದ್ಯೆ ಹೇಗಿತ್ತು ಅಂತ ಬೇರೆ ಕಡೆಯಿಂದ ತಿಳಿಯುತ್ತೆ. ಹನ್ನೆರಡನೇ ಶತಮಾನದ ಕಲ್ಯಾಣ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ಆನೆಗಳನ್ನ ಭದ್ರ, ಮಂದ, ಮೃಗ ಅಂತ ವಿಂಗಡಿಸಿದ್ದಾರೆ. ಭದ್ರ ಅಂದ್ರೆ ಧೈರ್ಯಸ್ಥ. ಮಂದ ನಿಧಾನಿ. ಮೃಗ ಅಂದ್ರೆ ಬೇಗ ಬೆದರೋ ಜಾತಿ. ಮೈಕಟ್ಟು, ಸ್ವಭಾವ ಎರಡನ್ನೂ ಸೇರಿಸಿ ಮಾಡಿದ ಲೆಕ್ಕ ಇದು. ಇವತ್ತು ವಿಜ್ಞಾನಿಗಳು 'ಪ್ರಾಣಿ ವ್ಯಕ್ತಿತ್ವ' ಅಂತ ಕರೆಯೋ ವಿಷಯದ ಹತ್ತಿರದ ಸಂಬಂಧಿ ಅನ್ನಬಹುದು.

2/6
ಈಗ ಒಂದು ದೊಡ್ಡ ಜಿಗಿತ. 1874ರಲ್ಲಿ ಸ್ಯಾಂಡರ್ಸನ್ ಅನ್ನೋ ಬ್ರಿಟಿಷ್ ಅಧಿಕಾರಿ ಮೈಸೂರು ಸಂಸ್ಥಾನದಲ್ಲಿ, ಚಾಮರಾಜನಗರದ ಕಡೆ, ಖೆಡ್ಡಾ ಶುರು ಮಾಡಿದ. ಹಿಂಡನ್ನ ಸುತ್ತುವರಿದು, ಡೋಲು ಬಡಿದು, ದಿಮ್ಮಿಗಳ ದೊಡ್ಡಿಗೆ ನುಗ್ಗಿಸೋದು. ಮುಂದೆ ಕಾಕನಕೋಟೆ ಖೆಡ್ಡಾ ಲೋಕಪ್ರಸಿದ್ಧ ಆಯ್ತು. ಕೊನೆಯದು ನಡೆದದ್ದು 1971ರಲ್ಲಿ, ಕಬಿನಿ ಹಿನ್ನೀರು ಆ ಜಾಗಕ್ಕೆ ಬರೋ ಮುಂಚೆ.

ಖೆಡ್ಡಾ ಕ್ರೂರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿ ಒಂದು ಸಂಗತಿ ಇತ್ತು: ಹಿಡಿದ ಮೇಲೆ ಪ್ರತಿ ಆನೆ ಪಕ್ಕ ಒಬ್ಬ ಮನುಷ್ಯ ತಿಂಗಳುಗಟ್ಟಲೆ ಕೂರ್ತಿದ್ದ. ಜೇನುಕುರುಬ ಮಾವುತರು, ಕಾವಾಡಿಗಳು. ಇವನಿಗೆ ಬೆಲ್ಲ ಅಂದ್ರೆ ಆಸೆ, ಇವಳು ಹಿಂದಿನಿಂದ ಬಂದ್ರೆ ಒದೀತಾಳೆ, ಇವನು ಶಬ್ದಕ್ಕೆ ಹೆದರ್ತಾನೆ, ಇಂಥದ್ದೆಲ್ಲ ಗೊತ್ತಿಲ್ಲದಿದ್ರೆ ಮಾವುತ ಬದುಕ್ತಾನೇ ಇರ್ಲಿಲ್ಲ.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ನಿಧಾನಕ್ಕೆ ಆನೆ ಹಿಡಿಯೋ ಕಾರಣವೇ ಬದಲಾಯ್ತು. ಮೊದಲು ಕೆಲಸಕ್ಕೆ ಹಿಡೀತಿದ್ರು, ಆಮೇಲೆ ತೊಂದರೆ ಕೊಡುತ್ತೆ ಅಂತ ಹಿಡಿಯೋಕೆ ಶುರು. ಹಿಡಿದು, ಲಾರಿ ಹತ್ತಿಸಿ, ದೂರದ ಕಾಡಲ್ಲಿ ಬಿಟ್ಟು ಬರೋದು. ಅಧಿಕಾರಿಗಳಿಗೆ ಆಗುತ್ತಲ್ಲ, ಅದೇ ಎತ್ತಂಗಡಿ.

3/6
ಹಾಸನದ ಕಥೆ ಎಲ್ಲರಿಗೂ ಸ್ವಲ್ಪ ಗೊತ್ತಿರುತ್ತೆ. ಹೈಕೋರ್ಟ್ ಸೂಚನೆ ಮೇಲೆ ರಚನೆಯಾದ, ರಾಮನ್ ಸುಕುಮಾರ್ ಅಧ್ಯಕ್ಷರಾಗಿದ್ದ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟಿತು. 2014ರಲ್ಲಿ ಆಲೂರು ಭಾಗದಿಂದ 22 ಆನೆ ಹಿಡಿದರು. ಖಾಲಿ ಆದ ಜಾಗಕ್ಕೆ ಮತ್ತೆ ಆನೆಗಳು ಬಂದವು.

ನಾನು ಹೇಳಬೇಕು ಅಂತಿರೋದು ಕುಶನ ಬಗ್ಗೆ. 2016ರಲ್ಲಿ ಕೊಡಗಿನಲ್ಲಿ ಹಿಡಿದು ದುಬಾರೆ ಶಿಬಿರದಲ್ಲಿ ಪಳಗಿಸಿದ ಗಂಡಾನೆ. ಮದ ಬಂದಾಗ ಒಂದು ದಿನ ಕಾಡಾನೆಗಳ ಜೊತೆ ಹೊರಟೇಹೋದ. ವರ್ಷಕ್ಕೂ ಹೆಚ್ಚು ಕಾಲ ಪತ್ತೆ ಇಲ್ಲ. 2021ರಲ್ಲಿ ಹುಡುಕಿ ತಂದು ಮತ್ತೆ ಕ್ರಾಲ್‌ಗೆ, ಅಂದ್ರೆ ದಿಮ್ಮಿಗಳ ಬೋನಿಗೆ, ಹಾಕಿದಾಗ ಪ್ರಾಣಿಪ್ರಿಯರು ಗಲಾಟೆ ಎಬ್ಬಿಸಿದ್ರು. ಸರ್ಕಾರ ಒಪ್ಪಿತು. ಆ ವರ್ಷ ಜೂನ್‌ನಲ್ಲಿ ಕೊರಳಿಗೆ ರೇಡಿಯೋ ಕಾಲರ್ ಹಾಕಿ ಬಂಡೀಪುರದ ಮೂಲೆಹೊಳೆ ವಲಯದಲ್ಲಿ ಬಿಟ್ಟರು.

ಎಷ್ಟು ಒಳ್ಳೆ ಕಾಡು! ನೀರು, ಮೇವು, ಬೇರೆ ಆನೆಗಳು. ಕುಶ ಏನು ಮಾಡಿದ? ಕೆಲವೇ ತಿಂಗಳಲ್ಲಿ ಕೊಡಗಿನ ಕಡೆಗೇ ನಡೆದು ಬಂದ. ನಮ್ಮ ಪ್ರಕಾರ ಅವನಿಗೆ 'ಸ್ವಾತಂತ್ರ್ಯ' ಕೊಟ್ಟಿದ್ವಿ. ಅವನ ಲೆಕ್ಕದಲ್ಲಿ ಊರು ಬೇರೆ ಇತ್ತು.

4/6
ಈ ಭಾಗ ಓದೋಕೆ ಕಷ್ಟ ಆಗಬಹುದು. ಬೇಡ ಅನ್ನೋರು ಸ್ವೈಪ್ ಮಾಡಿ.

2023ರ ನವೆಂಬರ್ ಕೊನೆಯಲ್ಲಿ ಬೇಲೂರಿನ ಕಡೆ ಒಂದು ಮಕನಾ, ಅಂದ್ರೆ ದಂತ ಇಲ್ಲದ ಗಂಡಾನೆ, ಹಿಡಿದರು. 2024ರ ಜನವರಿಯಲ್ಲಿ ಹಾಸನದಲ್ಲೇ ಇನ್ನೊಂದು, ಕೇರಳದವರು 'ತಣ್ಣೀರ್ ಕೊಂಬನ್' ಅಂತ ಕರೆದ ಆನೆ. ಎರಡನ್ನೂ ಬಂಡೀಪುರದ ಕಾಡಿಗೆ ತಂದು ಬಿಟ್ಟರು. ಮೂಲೆಹೊಳೆ ದಾಟಿದ್ರೆ ವಯನಾಡು. ಆನೆಗೆ ಗಡಿ ಗೊತ್ತಿಲ್ಲ, ಆದರೆ ಕಾಫಿ ತೋಟ ಗೊತ್ತು, ಊರು ಗೊತ್ತು, ಹಾಸನದಲ್ಲಿ ಬೆಳೆದಿದ್ದೇ ಅದರ ನಡುವೆ.

ಫೆಬ್ರವರಿ 2ರಂದು ಕೊಂಬನ್ ಮಾನಂದವಾಡಿ ಪೇಟೆಗೆ ಬಂದ. ಸಂಜೆ ಅರಿವಳಿಕೆ ಕೊಟ್ಟು, ಲಾರಿ ಹತ್ತಿಸಿ, ರಾತ್ರಿ ಬಂಡೀಪುರಕ್ಕೆ ವಾಪಸ್ ತಂದರು. ಬೆಳಗಾಗೋ ಹೊತ್ತಿಗೆ ಸತ್ತುಹೋದ. ಮೂರು ವಾರದ ಒಳಗೆ ಎರಡು ಸಲ ಅರಿವಳಿಕೆ, ಎರಡು ಸಲ ಲಾರಿ.

ಫೆಬ್ರವರಿ 10ರಂದು ಬೇಲೂರು ಮಕನಾ ಅದೇ ಮಾನಂದವಾಡಿ ಹತ್ತಿರ ಒಂದು ಮನೆಯ ಕಾಂಪೌಂಡ್ ಒಳಗೆ ನುಗ್ಗಿ ಒಬ್ಬ ಮನುಷ್ಯನನ್ನ ಕೊಂದ. ಇದನ್ನ ಬಿಟ್ಟು ಆನೆ ಪಾಪ ಅಂತ ಮಾತ್ರ ಬರೆದ್ರೆ ಅದು ಮೋಸ. ಎತ್ತಂಗಡಿಯ ಬೆಲೆಯನ್ನ, ಹಾಸನ ಎಲ್ಲಿದೆ ಅಂತಲೂ ನೋಡಿರದ ಒಂದು ಕುಟುಂಬ ಕೊಟ್ಟಿತು.

5/6
ಇದು ಹೀಗೇ ಆಗುತ್ತೆ ಅನ್ನೋ ಸುಳಿವು ಮೊದಲೇ ಇತ್ತಾ? ಇತ್ತು. ಶ್ರೀಲಂಕಾದಲ್ಲಿ ಹೀಗೆ ಸಾಗಿಸಿದ 12 ಗಂಡಾನೆಗಳಿಗೆ ಜಿಪಿಎಸ್ ಕಾಲರ್ ಹಾಕಿ ಹಿಂಬಾಲಿಸಿದ ಅಧ್ಯಯನ 2012ರಲ್ಲೇ ಪ್ರಕಟ ಆಗಿದೆ. ಎಲ್ಲವೂ ಒಂದೇ ಥರ ನಡ್ಕೊಳ್ಳಲಿಲ್ಲ. ಕೆಲವು ಮನೆಗೆ ಮರಳಿದವು, ಕೆಲವು ಅಲೆಮಾರಿಗಳಾದವು, ಕೆಲವು ಹೊಸ ಜಾಗದಲ್ಲಿ ನೆಲೆ ನಿಂತವು. ಎಂಟು ತಿಂಗಳೊಳಗೆ ಐದು ಸತ್ತವು. ಕುಶ ಮೊದಲನೇ ಗುಂಪು, ಕೊಂಬನ್ ಎರಡನೇದು ಅಂತ ನಾನಂತೂ ಓದಿಕೊಂಡೆ.

ಆನೆ ಬಿಟ್ಟು ಬೇರೆ ಪ್ರಾಣಿ ನೋಡಿ. ಅಮೆರಿಕದ ಮೊಂಟಾನಾದಲ್ಲಿ ಸ್ವಿಫ್ಟ್ ಫಾಕ್ಸ್ ಅನ್ನೋ ಪುಟ್ಟ ನರಿ ಕಾಣೆಯಾಗಿತ್ತು. ಸಾಕಿ ಬೆಳೆಸಿದ ಮರಿಗಳನ್ನ ಮತ್ತೆ ಕಾಡಿಗೆ ಬಿಟ್ಟರು. ಬಿಡೋ ಮುಂಚೆ ಒಂದೊಂದರ ಧೈರ್ಯ ಅಳೆದಿದ್ರು: ಹೊಸ ವಸ್ತು ಕಂಡ್ರೆ ಹತ್ತಿರ ಬರುತ್ತಾ, ಓಡುತ್ತಾ ಅಂತ. 2004ರಲ್ಲಿ ಬಂದ ವರದಿ ಪ್ರಕಾರ ಮೊದಲ ಆರು ತಿಂಗಳಲ್ಲಿ ಸತ್ತದ್ದು ಹೆಚ್ಚು ಧೈರ್ಯದ ನರಿಗಳೇ. ಪುಕ್ಕಲು ಅಂತ ನಾವು ನಗ್ತೀವಲ್ಲ, ಅವು ಉಳ್ಕೊಂಡವು.

ಹಾಗಂತ ಧೈರ್ಯ ಯಾವಾಗಲೂ ಸಾವು ಅಂತಲ್ಲ. ಬರಗಾಲದಲ್ಲಿ ಹೊಸ ಕೆರೆ ಹುಡುಕೋದು ಧೈರ್ಯದ ಆನೆಯೇ ಇರಬಹುದು. ಯಾವ ಜಾಗಕ್ಕೆ ಯಾವ ಸ್ವಭಾವ ಅನ್ನೋದೇ ಪ್ರಶ್ನೆ.

6/6
ವಾಪಸ್ ನಮ್ಮ ಕಡೆ. ಸಾವನದುರ್ಗ, ಮಾಗಡಿ ದಾಟಿ ನೆಲಮಂಗಲದ ಕೆರೆಗಳವರೆಗೆ ಆನೆ ಬಂದಾಗಲೆಲ್ಲ ಪಟಾಕಿ, ಕೂಗಾಟ, ಮೊಬೈಲ್ ವಿಡಿಯೋ. ಆದರೆ ಬಂದವರು ಯಾರು? ಬೆಂಗಳೂರಿನ ಎನ್‌ಐಎಎಸ್ ಸಂಸ್ಥೆಯ ಸಂಶೋಧಕರೂ ಇದ್ದ ತಂಡ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಫೋಟೋ ನೋಡಿ 248 ಗಂಡಾನೆಗಳನ್ನ ಒಂದೊಂದಾಗಿ ಗುರುತಿಸಿದ್ದಾರೆ. ಕಿವಿಯ ಹರಕು, ಬಾಲ, ದಂತ, ಎಲ್ಲ ನೋಡಿ. ಹೊಲಗದ್ದೆ ಇರೋ ಕಡೆ ಹರೆಯದ ಗಂಡುಗಳು ದೊಡ್ಡ ಗುಂಪು ಕಟ್ಟಿಕೊಂಡು ವರ್ಷಗಟ್ಟಲೆ ಜೊತೆಗಿರ್ತವಂತೆ. ನಮ್ಮ ಕ್ಲಾಸಿನ ಹಿಂದಿನ ಬೆಂಚ್ ಥರಾನೇ! ಅದರಲ್ಲಿ ಒಬ್ಬನನ್ನ ಎತ್ತಿಕೊಂಡು ಹೋದ್ರೆ ಹೋದವನಿಗೂ ಕಷ್ಟ, ಉಳಿದವರಿಗೂ ಕಷ್ಟ.

ಆ ತಂಡ ಮಾಡಿದ್ದನ್ನೇ ಹಿಡಿಯೋ ಮುಂಚೆ ಮಾಡಬಹುದು. ಒಂದು ಆನೆಗೆ ಒಂದು ಪುಟ: ಯಾರ ಜೊತೆ ಓಡಾಡ್ತಾನೆ, ಪಟಾಕಿಗೆ ಹಿಂದೆ ಸರೀತಾನಾ ಮುಂದೆ ನುಗ್ತಾನಾ, ಮನೆ ಹತ್ತಿರ ಬರ್ತಾನಾ. ಕಾಲರ್ ಆನೆ ಎಲ್ಲಿದೆ ಅಂತ ಹೇಳುತ್ತೆ, ಎಂಥವನು ಅಂತ ಹೇಳಲ್ಲ.

ಕೊನೆಗೆ ರಂಗ. ಬೆಂಗಳೂರಿನ ಹೊರವಲಯದಲ್ಲಿ ಜನ ಅವನನ್ನ 'ರೌಡಿ ರಂಗ' ಅಂತ ಕರೀತಿದ್ರು. ಹಿಡಿದು ಪಳಗಿಸಿ ಮತ್ತಿಗೋಡು ಶಿಬಿರಕ್ಕೆ ಕಳಿಸಿದ್ರು. ಅಲ್ಲಿ ಮಾವುತರ ಕೈಯಲ್ಲಿ ಎಷ್ಟು ಬದಲಾದ ಅಂದ್ರೆ ಮುಂದೆ ದಸರಾಗೆ ಆಗ್ತಾನೆ ಅನ್ನೋ ಮಾತು ಶುರುವಾಗಿತ್ತು. 2018ರ ಅಕ್ಟೋಬರ್‌ನಲ್ಲಿ, ಶಿಬಿರದ ಹತ್ತಿರದ ರಸ್ತೆಯಲ್ಲಿ, ಬಸ್ಸೊಂದು ಗುದ್ದಿ ಸತ್ತ.

ನಿಮ್ಮೂರ ಕಡೆ ಆನೆ ಬಂದಿದ್ಯಾ? ಒಂಟಿಯಾ, ಗುಂಪಾ? ಹೆಸರು ಇಟ್ಟಿದ್ರಾ? ಅಜ್ಜ-ಅಜ್ಜಿ ಹತ್ರ ಕೇಳಿ ಕಾಮೆಂಟಲ್ಲಿ ಬರೀರಿ.

#ಮಣ್ಣೆ #ನೆಲಮಂಗಲ #ಗಂಗರು #ಆನೆ #ಬಂಡೀಪುರ #ನಮ್ಮಜಿಲ್ಲೆನಮ್ಮಇತಿಹಾಸ